ನೆಗಡಿ ಕೊಟ್ಟ ಎರಡು ದಿನದ ಬಿಡುವು

(ಡೊಂಬಿವಲಿಯ ನಮ್ಮ ಉಚಿತ ವಾಚನಾಲಯದ ತಿಂಗಳ ಕೂಟದಲ್ಲಿ ಸದಸ್ಯರೊಬ್ಬರು ಮಾಡಿದ ಭಾಷಣ)



ಈ ಮೇಜಿನ ಹಿಂದೆ ನಿಂತು ಬಲ್ಲವರು ದೊಡ್ಡ ದೊಡ್ಡ ವಿಷಯಗಳನ್ನು ಕುರಿತು ಮಾತನಾಡಿದ್ದನ್ನು ನಾವೆಲ್ಲ ಕೇಳಿದ್ದೇವೆ. ಕಾರ್ಯದರ್ಶಿಗಳು ನನ್ನ ಬಳಿಗೆ ಬಂದು, “ಈ ಸಲ ನೀವು ಮಾತಾಡಬೇಕು” ಎಂದಾಗ ನನ್ನ ಮೂಗು ಕಟ್ಟಿತ್ತು, ಗಂಟಲು ಒಡೆದಿತ್ತು. ತಲೆಯೊಳಗೆ ನೆಗಡಿಯ ಹೊರತು ಬೇರೇನೂ ಇರಲಿಲ್ಲ. ಹೀಗಾಗಿ ಅದೇ ನನ್ನ ವಿಷಯವಾಯಿತು. ನಗುವವರು ಈಗಲೇ ನಕ್ಕುಬಿಡಿ. ಕೊನೆಯಲ್ಲಿ ನಗು ಬಾರದಿದ್ದರೂ ಬಾರದಿರಬಹುದು.

ನನ್ನ ದಿನಚರಿ ನಿಮ್ಮದಕ್ಕಿಂತ ಬೇರೆಯಲ್ಲ. ಬೆಳಗ್ಗೆ ಡೊಂಬಿವಲಿಯಲ್ಲಿ ಲೋಕಲ್ ಹಿಡಿಯುವುದು, ಥಾಣೆಯಲ್ಲಿ ಇಳಿದು ನವಿ ಮುಂಬಯಿಯ ಗಾಡಿ ಹತ್ತುವುದು, ತುರ್ಭೆಯಲ್ಲಿ ಲೆಕ್ಕದ ಪುಸ್ತಕಗಳ ಮುಂದೆ ಕೂಡುವುದು, ಕತ್ತಲಾದ ಮೇಲೆ ಅದೇ ದಾರಿ ಹಿಂದಿರುಗುವುದು. 1853ರ ಏಪ್ರಿಲ್ 16ರಂದು ಬೋರಿಬಂದರಿನಿಂದ ಥಾಣೆಗೆ ನಮ್ಮ ದೇಶದ ಮೊದಲ ಪ್ರಯಾಣಿಕರ ಗಾಡಿ ಓಡಿತು. ಮರುವರ್ಷವೇ ಹಳಿ ಕಲ್ಯಾಣವನ್ನು ಮುಟ್ಟಿತು. ಆ ಹಳಿಯ ಉದ್ದಕ್ಕೂ ನಮ್ಮಂಥವರ ಬಾಳು ಬೆಳೆದಿದೆ. ಅನ್ನ ಕೊಟ್ಟ ಹಳಿ ಅದು, ಸುಳ್ಳಲ್ಲ. ಆದರೆ ಮನೆಯೊಳಗಿನ ಹಗಲನ್ನು ನಮ್ಮಿಂದ ಕಿತ್ತುಕೊಂಡದ್ದೂ ಅದೇ. ಶನಿವಾರ ಹೆಚ್ಚುವರಿ ಕೆಲಸ, ಭಾನುವಾರ ಸಂಘದ ಸಭೆ, ಊರವರ ಮದುವೆ, ಮುಂಜಿ. ನನ್ನ ಮನೆಯನ್ನು ನಾನು ಬಲ್ಲದ್ದು ದೀಪದ ಬೆಳಕಿನಲ್ಲಿ ಮಾತ್ರ.

ಹೀಗಿರುವಾಗ ಒಂದು ಶುಕ್ರವಾರ ರಾತ್ರಿ ಸಾಲಾಗಿ ಹನ್ನೊಂದು ಸೀನು ಬಂದವು. ಮೈ ಭಾರ, ಕಣ್ಣಲ್ಲಿ ನೀರು. ಆದರೂ ಮರುದಿನ ಹೊರಡುವೆನೆಂದು ಚೀಲ ಸಿದ್ಧಮಾಡುತ್ತಿದ್ದೆ. ನನ್ನದು ಉಡುಪಿಯ ಕಡೆ, ಮನೆಯವಳದು ಧಾರವಾಡದ ಕಡೆ. ಆಕೆಯ ಮಾತು ನೇರ. “ಆ ಗಾಡ್ಯಾಗ ಮಂದಿ ಮಾರಿ ಮ್ಯಾಲ ಸೀನಾಕ ಹೋಗ್ತೀರೇನ್ರೀ? ಒಂದೆರಡು ದಿನಾರ ಮನ್ಯಾಗ ಕುಂದರ್ರಿ” ಎಂದು ಚೀಲವನ್ನು ಎತ್ತಿ ಕಪಾಟಿನ ಮೇಲಿಟ್ಟಳು. ವಾದ ಮುಗಿಯಿತು.

ಆಕೆ ಹೇಳಿದ್ದು ಸರಿಯೇ. ನೆಗಡಿ ಸೋಂಕಿನಿಂದ ಹರಡುವ ಕಾಯಿಲೆ. ಬಹುಮಟ್ಟಿಗೆ ಅದನ್ನು ತರುವುದು ರೈನೋವೈರಸ್ ಎಂಬ ಅತಿ ಸೂಕ್ಷ್ಮ ವೈರಾಣು. ಅದರಲ್ಲಿ ನೂರೈವತ್ತಕ್ಕೂ ಹೆಚ್ಚು ಬಗೆಗಳಿವೆ. ಒಂದನ್ನು ಗೆದ್ದ ಮೈಗೆ ಇನ್ನೊಂದು ಹೊಸತು. ನೆಗಡಿಗೆ ಲಸಿಕೆ ಬಾರದಿರಲು ಇದೂ ಒಂದು ಮುಖ್ಯ ಕಾರಣ. ಇಂಗ್ಲೆಂಡಿನ ಸಾಲ್ಸ್‌ಬರಿಯ ಬಳಿ 1946ರಿಂದ 1990ರವರೆಗೆ ನೆಗಡಿಯ ಸಂಶೋಧನೆಗಾಗಿಯೇ ಒಂದು ಕೇಂದ್ರವಿತ್ತು. ಸಾವಿರಾರು ಜನ ತಾವಾಗಿಯೇ ಅಲ್ಲಿಗೆ ಹೋಗಿ ಮೂಗಿಗೆ ಸೋಂಕಿನ ಹನಿ ಬಿಡಿಸಿಕೊಂಡರು. ಇಬ್ಬರು ಮೂವರಂತೆ ಬಿಡಾರಗಳಲ್ಲಿದ್ದು, ಹೊರಗಿನವರ ಹತ್ತಿರ ಸುಳಿಯದೆ ಸುಮಾರು ಹತ್ತು ದಿನ ಕಳೆಯಬೇಕಿತ್ತು. ಊಟ ಉಚಿತ, ಓದಲು ಪುಸ್ತಕ, ಕೆಲಸವಿಲ್ಲ. ಅದನ್ನು ರಜೆಯೆಂದೇ ಬಗೆದು ಹೋದವರಿದ್ದರು! ಕೆಲವರಿಗೆ ಸ್ನಾನ ಮಾಡಿಸಿ ಒದ್ದೆ ಮೈಯಲ್ಲೇ ಗಾಳಿ ಬೀಸುವೆಡೆ ನಿಲ್ಲಿಸಿದರಂತೆ. ಬರಿಯ ಚಳಿಯಿಂದ ನೆಗಡಿ ಬಂದುದು ಆ ಪರೀಕ್ಷೆಯಲ್ಲಿ ಕಂಡುಬರಲಿಲ್ಲ. ಮಳೆಯಲ್ಲಿ ನೆನೆಯುವುದಕ್ಕಿಂತ ಕಿಕ್ಕಿರಿದ ಡಬ್ಬಿಯಲ್ಲಿ ಒಬ್ಬರ ಉಸಿರನ್ನು ಇನ್ನೊಬ್ಬರು ಉಸಿರಾಡುವುದಕ್ಕೇ ನಾವು ಹೆಚ್ಚು ಅಂಜಬೇಕು. 2020ರ ಮಾರ್ಚಿಯಲ್ಲಿ ಲೋಕಲ್‌ಗಳೇ ನಿಂತುಹೋದದ್ದನ್ನು ಕಂಡ ನಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಇನ್ನು ಔಷಧದ ಮಾತು. ಆಂಟಿಬಯೋಟಿಕ್ ಗುಳಿಗೆ ನೆಗಡಿಯ ವೈರಸ್ಸನ್ನು ಕೊಲ್ಲಲಾರದು. ಅಂಗಡಿಯಲ್ಲಿ ಕೇಳಿ ತಂದು ನುಂಗುವುದರಿಂದ ಹಣವೂ ಹಾಳು, ಮೈಯೂ ಹಾಳು. ಒಂದು ವಾರ, ಹತ್ತು ದಿನದಲ್ಲಿ ಅದು ತಾನಾಗಿ ಇಳಿಯುತ್ತದೆ. ಉಸಿರು ಕಟ್ಟಿದರೆ, ಮೂರು ದಿನ ದಾಟಿದರೂ ಜ್ವರ ಬಿಡದಿದ್ದರೆ, ಎಳೆಯ ಮಕ್ಕಳಿಗೋ ಮುದುಕರಿಗೋ ಹೆಚ್ಚಾದರೆ ತಡಮಾಡದೆ ವೈದ್ಯರಲ್ಲಿಗೆ ಹೋಗಬೇಕು. ಉಳಿದಂತೆ ಬೇಕಾದದ್ದು ಬಿಸಿನೀರು, ನಿದ್ದೆ, ವಿಶ್ರಾಂತಿ.

ನಮ್ಮ ಮನೆಯ ಕಷಾಯ ಹೀಗೆ: ನಾಲ್ಕು ಚಮಚ ಕೊತ್ತಂಬರಿ ಬೀಜ, ಎರಡು ಚಮಚ ಜೀರಿಗೆ, ಒಂದು ಚಮಚ ಮೆಣಸು, ಒಂದು ತುಂಡು ಶುಂಠಿ. ಬೀಜಗಳನ್ನು ಹುರಿದು, ಒಣಶುಂಠಿಯೊಂದಿಗೆ ಕುಟ್ಟಿಡುವುದು. ಒಂದು ಚಮಚ ಪುಡಿಯನ್ನು ಎರಡು ಲೋಟ ನೀರಿಗೆ ಹಾಕಿ, ಒಂದು ಲೋಟಕ್ಕೆ ಇಳಿಸಿ, ಬೆಲ್ಲ ಸೇರಿಸಿ ಕುಡಿಯುವುದು. ಹಣೆಗೆ ಅಮೃತಾಂಜನ. ಅದರ ಕಥೆಯೂ ನಮ್ಮದೇ. ಆಂಧ್ರದಿಂದ ಹೊಟ್ಟೆಪಾಡಿಗೆ ಹೊರಟ ಕಾಶೀನಾಥುನಿ ನಾಗೇಶ್ವರರಾಯರು 1893ರಲ್ಲಿ ಅದನ್ನು ತಯಾರಿಸತೊಡಗಿದ್ದು ಇದೇ ಮುಂಬಯಿಯಲ್ಲಿ. ಪರವೂರಿನವನ ತಲೆನೋವನ್ನು ಪರವೂರಿನವನೇ ಬಲ್ಲ.

ಈಗ ಆ ಶನಿವಾರಕ್ಕೆ ಬರುತ್ತೇನೆ. ಹಾಸಿಗೆಯಲ್ಲಿ ಮಲಗಿ ಮನೆಯ ಸದ್ದುಗಳನ್ನು ಕೇಳುತ್ತಿದ್ದೆ. ನಲ್ಲಿಯಲ್ಲಿ ನೀರು ಬರುವ ಹೊತ್ತಿಗೆ ಆಕೆ ಎದ್ದು ಕೊಡ, ಬಕೆಟ್ಟುಗಳನ್ನೆಲ್ಲ ತುಂಬಿದಳು. ಹನ್ನೊಂದು ಗಂಟೆಗೆ ಕಿಟಕಿಯಿಂದ ಬಿಸಿಲು ಒಳಬಂದು, ದೇವರ ಪಟದ ಕೆಳಗೆ ಸ್ವಲ್ಪ ಹೊತ್ತು ಕುಳಿತು ಎದ್ದುಹೋಯಿತು. ಇಷ್ಟು ವರ್ಷ ಈ ಮನೆಯ ಬಾಡಿಗೆ ಕೊಟ್ಟವನಿಗೆ ಇಲ್ಲಿ ಬಿಸಿಲು ಬರುವುದು ಗೊತ್ತಿರಲಿಲ್ಲ! ಮಧ್ಯಾಹ್ನ ಕುಚ್ಚಲಕ್ಕಿ ಗಂಜಿ, ಸುಟ್ಟ ಹಪ್ಪಳ. ಜೋಳದ ನುಚ್ಚು ತಿಂದು ಬೆಳೆದ ಆಕೆ ನನ್ನ ನಾಲಗೆಗಾಗಿ ಗಂಜಿ ಕಲಿತದ್ದು. ನಾನು ಆಕೆಗಾಗಿ ಏನು ಕಲಿತೆನೆಂದು ಯೋಚಿಸಿದೆ. ಉತ್ತರ ಹೊಳೆಯಲಿಲ್ಲ. ನೆಗಡಿಯಿಂದ ತಲೆ ಮಂದವಾಗಿದೆಯೆಂದು ಸಮಾಧಾನ ಮಾಡಿಕೊಂಡೆ.

ಸಂಜೆ ಪಕ್ಕದ ಮನೆಯ ಮರಾಠಿ ಆಜಿ ಗವತಿ ಚಹಾ ಹಾಕಿದ ಕಾಢಾ ತಂದರು. ನಮ್ಮಲ್ಲಿ ಮಜ್ಜಿಗೆ ಹುಲ್ಲು ಎನ್ನುತ್ತಾರಲ್ಲ, ಅದೇ. ಲೋಟವನ್ನು ನನ್ನ ಕೈಗಿಟ್ಟು ಮರಾಠಿಯಲ್ಲಿ ಸಹಜವಾಗಿಯೇ ಹೇಳಿದರು: “ಮಳೆಗಾಲದಲ್ಲಿ ಇವಳಿಗೆ ಮೂರು ದಿನ ಜ್ವರ ಬಂದಾಗಲೂ ಇದನ್ನೇ ಕೊಟ್ಟೆ. ಮಧ್ಯಾಹ್ನವೆಲ್ಲ ಮಲಗಿರುತ್ತಿದ್ದಳು, ನಿಮ್ಮ ಗಾಡಿಯ ಹೊತ್ತಿಗೆ ಎದ್ದು ಒಲೆ ಹಚ್ಚುತ್ತಿದ್ದಳು.”

ನನಗೆ ಗೊತ್ತೇ ಇರಲಿಲ್ಲ. ಆ ಮೂರು ರಾತ್ರಿ ನಾನು ಏನು ಉಂಡೆನೋ, ಸಾರಿಗೆ ಉಪ್ಪು ಕಡಿಮೆಯೆಂದು ಏನಾದರೂ ಅಂದೆನೋ, ನೆನಪಿಲ್ಲ. ಆಜಿ ಹೋದ ಮೇಲೆ, “ಯಾಕೆ ಹೇಳಲಿಲ್ಲ?” ಎಂದೆ. “ನೀವು ದಣದು ಬಂದಿರ್ತೀರಿ, ಅದರಾಗ ಇದೊಂದು ಯಾಕಂತ ಬಿಟ್ಟೆ” ಎಂದು ಆಕೆ ಲೋಟ ತೊಳೆಯಲು ಒಳಗೆ ಹೋದಳು. ನನ್ನ ಹನ್ನೊಂದು ಸೀನಿಗೆ ಇಡೀ ಮನೆ ಎದ್ದು ನಿಂತಿತ್ತು. ಆಕೆಯ ಜ್ವರ ಗೋಡೆಯಾಚೆಯವರಿಗೆ ಕೇಳಿಸಿತ್ತು, ನನಗೆ ಕೇಳಿಸಿರಲಿಲ್ಲ.

ಭಾನುವಾರ ಸಭೆಗೆ ಹೋಗಲಿಲ್ಲ. ಇಬ್ಬರೂ ಬಿಸಿಲು ಬರುವ ಮೂಲೆಯಲ್ಲಿ ಕುಳಿತೆವು. ಹೆಚ್ಚು ಮಾತಿಲ್ಲ. ನಾನು ಪತ್ರಿಕೆ ಓದುತ್ತಿದ್ದೆ. ಆಕೆ ನಾನು ಇಲ್ಲಿಂದ ಒಯ್ದಿದ್ದ ಕಾದಂಬರಿಯೊಂದನ್ನು ತೆರೆದು, ಎರಡು ಹಾಳೆ ಮಗುಚಿ ಮುಚ್ಚಿದಳು. “ಯಾಕೆ, ಚೆನ್ನಾಗಿಲ್ಲವೇ?” “ಛಲೋ ಅದ. ಇದನ್ನ ನೀವು ಮೂರನೇ ಸಲ ತಂದೀರಿ” ಎಂದು ನಕ್ಕಳು. ಹಾಗಾದರೆ ನಿನಗೆ ಏನು ಬೇಕು ಎಂದು ಆ ದಿನ ಮೊದಲ ಬಾರಿಗೆ ಕೇಳಿದೆ. ಆಕೆಗೆ ಬೇಕಾಗಿದ್ದುದು ಪ್ರವಾಸಕಥನವಂತೆ. ಅಡಿಗೆಮನೆಯಿಂದ ಸ್ಟೇಷನ್ನಿನವರೆಗೆ ಮಾತ್ರ ಪ್ರವಾಸ ಮಾಡುವವಳಿಗೆ ಅದು ಬೇಕೆಂದು ನನಗೆ ಹೊಳೆಯಬೇಕಿತ್ತು.

ಸೋಮವಾರ ಬೆಳಗ್ಗೆ ನನ್ನ ಮೂಗು ತೆರೆಯಿತು, ಆಕೆಯದು ಕಟ್ಟಿತು. ನನ್ನಿಂದ ಬಂದ ಸೋಂಕೇ ಇರಬೇಕು. ಎಂದಿನಂತೆ ಡಬ್ಬಿ ಕಟ್ಟಲು ಎದ್ದವಳನ್ನು ಮಲಗಿಸಿ, ಕಚೇರಿಗೆ ಫೋನು ಮಾಡಿ, “ಮನೆಯವಳಿಗೆ ನೆಗಡಿ, ಒಂದು ದಿನ ರಜೆ ಬೇಕು” ಎಂದೆ. ಆ ಕಡೆಯವರಿಗೆ ನಗು ಬಂತು. “ನೆಗಡಿ ಯಾರಿಗೆ ಅಂದಿರಿ?” ಎಂದು ಎರಡು ಸಲ ಕೇಳಿದರು. ಎರಡು ಸಲವೂ ಹೇಳಿದೆ. ಒಂದು ದಿನದ ಹೆಚ್ಚುವರಿ ಸಂಬಳ ಹೋಯಿತು. ನಮ್ಮಂಥ ಮನೆಗೆ ಅದು ಸಣ್ಣ ಮೊತ್ತವಲ್ಲ. ಮಧ್ಯಾಹ್ನ ನಾನೇ ಜೋಳದ ನುಚ್ಚು ಬೇಯಿಸಿ ಮಜ್ಜಿಗೆ ಹಾಕಿ ಕೊಟ್ಟೆ. ಆಕೆ ಉಂಡು, “ತಳಾ ಹತ್ತೇದ. ಆದ್ರೂ ಛಲೋ ಆಗೇದ” ಎಂದಳು. ನಾನು ಪಡೆದ ಯಾವ ಬಡ್ತಿಯ ಪತ್ರವೂ ನನಗೆ ಅಷ್ಟು ಹಿಡಿಸಿರಲಿಲ್ಲ.

ಸೋದರರೇ, ನಿಮ್ಮಲ್ಲಿ ಎರಡು ಬಿನ್ನಹ. ನೆಗಡಿ ಬಂದಾಗ ಸಾಧ್ಯವಿದ್ದವರು ಮೊದಲೆರಡು ಮೂರು ದಿನ ಮನೆಯಲ್ಲಿರಿ. ದಿನಗೂಲಿಯವರಿಗೆ ಇದು ಸುಲಭವಲ್ಲವೆಂದು ಬಲ್ಲೆ. ಅವರು ಮೂಗು ಬಾಯಿಗೆ ಬಟ್ಟೆ ಕಟ್ಟಿಕೊಂಡು, ಕೈ ತೊಳೆದುಕೊಂಡಾದರೂ ಇರಲಿ. ಮನೆಯಲ್ಲಿದ್ದಾಗ ಸುಮ್ಮನೆ ಮಲಗದೆ, ನೀವಿಲ್ಲದ ಹೊತ್ತಿನಲ್ಲಿ ಆ ಮನೆ ಹೇಗಿರುತ್ತದೆಂದು ನೋಡಿ.

ಇನ್ನೊಂದು, ಈ ವಾಚನಾಲಯಕ್ಕೆ. ನಾವು ಬಾಗಿಲು ತೆರೆಯುವುದು ಸಂಜೆ ಏಳರಿಂದ ಒಂಬತ್ತರವರೆಗೆ. ಅದು ಪ್ರತಿ ಮನೆಯಲ್ಲೂ ಒಲೆ ಉರಿಯುವ ಹೊತ್ತು. ವಾರಕ್ಕೆ ಒಂದು ಮಧ್ಯಾಹ್ನ, ಎರಡು ಗಂಟೆ ಕಾಲ ಬಾಗಿಲು ತೆರೆದಿಟ್ಟರೆ, ತಮಗೆ ಬೇಕಾದ ಪುಸ್ತಕವನ್ನು ಹೆಂಗಸರು ತಾವೇ ಆರಿಸಿಕೊಳ್ಳಬಹುದು. ಬೀಗದ ಕೈ ಹಿಡಿಯಲು ಜನ ಬೇಕೆಂದು ಕಾರ್ಯದರ್ಶಿಗಳು ಹೇಳುವರು. ತಿಂಗಳಿಗೊಂದು ಶನಿವಾರದ ಹೆಚ್ಚುವರಿ ಕೆಲಸ ಬಿಟ್ಟು ಅದನ್ನು ನಾನು ಹಿಡಿಯುತ್ತೇನೆ. ಉಳಿದ ಮೂರು ಶನಿವಾರಗಳಿಗೆ ಮೂವರು ಬೇಕು. ಕೈ ಎತ್ತಬೇಕೆಂದು ಕೇಳಿಕೊಳ್ಳುತ್ತೇನೆ.