ಲೇಪ ಪರೀಕ್ಷೆಯ ವರದಿ ಬಂದ ಮೇಲೆ



ಗರ್ಭಕಂಠದ ಲೇಪ ಪರೀಕ್ಷೆ, ಅಂದರೆ ಪ್ಯಾಪ್ ಪರೀಕ್ಷೆ, ರೋಗವನ್ನು ನಿರ್ಧರಿಸುವುದಿಲ್ಲ; ಯಾರಿಗೆ ಹೆಚ್ಚಿನ ತಪಾಸಣೆ ಅಗತ್ಯವೆಂಬುದನ್ನು ತಿಳಿಸುತ್ತದೆ. ವರದಿಯಲ್ಲಿ ಜೀವಕೋಶಗಳು ಅಸಹಜವೆಂದಿದ್ದರೆ ಅದು ಕ್ಯಾನ್ಸರೇ ಎಂದು ಧೃತಿಗೆಡಬೇಡಿರಿ.

ವ್ಯತ್ಯಾಸವು ಅನಿಶ್ಚಿತವಾಗಿದ್ದಲ್ಲಿ ಎಚ್.ಪಿ.ವಿ. ವೈರಾಣು ಪರೀಕ್ಷೆ ಮಾಡುವರು, ಇಲ್ಲವೆ 1 ವರ್ಷದ ನಂತರ ಲೇಪವನ್ನು ಪುನಃ ತೆಗೆಯುವರು. ತೀವ್ರ ವ್ಯತ್ಯಾಸ ಕಂಡಲ್ಲಿ ಕಾಯುವಂತಿಲ್ಲ. ಕಾಲ್ಪೋಸ್ಕೋಪ್ ಎಂಬ ಉಪಕರಣದಿಂದ ಗರ್ಭಕಂಠವನ್ನು ದೊಡ್ಡದಾಗಿ ಕಾಣುವಂತೆ ನೋಡಿ, ಸಂಶಯವಿರುವ ಭಾಗದ ಚಿಕ್ಕ ತುಣುಕನ್ನು ಬಯಾಪ್ಸಿ ಪರೀಕ್ಷೆಗೆ ಕಳುಹಿಸುವರು. ರೋಗನಿರ್ಣಯವಾಗುವುದು ಇದರಿಂದಲೇ. ಕ್ಯಾನ್ಸರಿಗೆ ಮುಂಚಿನ ಹಂತವನ್ನು ಚಿಕಿತ್ಸೆಯಿಂದ ನಿವಾರಿಸಬಹುದು.

ಮುಟ್ಟು ನಿಂತ ಮೇಲೆ ಅಥವಾ ಸಂಭೋಗದ ಬಳಿಕ ರಕ್ತಸ್ರಾವವಾದರೆ, ಲೇಪವು ಸಹಜವೆಂದು ಬಂದಿದ್ದರೂ ವೈದ್ಯರನ್ನು ಕಾಣಿರಿ. ವರದಿಯನ್ನು ಪೆಟ್ಟಿಗೆಯಲ್ಲಿಟ್ಟು ಮರೆಯಬೇಡಿರಿ.