ಮೊಲದೊಡನೆ ವೃದ್ಧಾಶ್ರಮಕ್ಕೆ



ರವಿವಾರಗಳಂದು ನಾವು ಇಲ್ಲಿನ ವೃದ್ಧಾಶ್ರಮವೊಂದಕ್ಕೆ ಮರಾಠಿ ಪತ್ರಿಕೆ ಓದಿ ಹೇಳಲು ಹೋಗುತ್ತೇವೆ. ಒಮ್ಮೆ ಗಿಳಿಯನ್ನೂ ಒಯ್ಯುವ ಆಸೆಯಾಯಿತು. ಆದರೆ ನಮ್ಮ ನಾಡಿನ ಗಿಳಿಯನ್ನು ಪಂಜರದಲ್ಲಿಡುವುದು 1972ರ ವನ್ಯಜೀವಿ ಕಾಯಿದೆಯಂತೆ ಅಪರಾಧ. ಆದುದರಿಂದ ಮನೆಯ ಸಾಕುಮೊಲವನ್ನು ಒಯ್ದೆವು. ಇದು ಹೊಸತೇನಲ್ಲ. ಇಂಗ್ಲೆಂಡಿನ ಯಾರ್ಕ್‌ನಲ್ಲಿ 1796ರಲ್ಲಿ ತೆರೆದ ಮನೋರೋಗಿಗಳ ಆಶ್ರಯದ ಅಂಗಳದಲ್ಲಿಯೂ ಮೊಲಗಳಿದ್ದುವು.

ಅದುವರೆಗೆ ತುಟಿ ಬಿಚ್ಚದಿದ್ದ ಅಜ್ಜಿಯೊಬ್ಬರು ಮೊಲವನ್ನು ಮಡಿಲಿಗಿಟ್ಟೊಡನೆ, “ಪಾಪ, ಹಸಿದದೆ, ಸೊಪ್ಪು ಕೊಡ್ರಿ” ಎಂದರು. ಕನ್ನಡದಲ್ಲಿ! ಅವರು ನಮ್ಮವರೆಂದು ಅಂದೇ ತಿಳಿದೆವು.

ಮೊಲವನ್ನು ಕಿವಿ ಹಿಡಿದು ಎತ್ತಬಾರದು. ಹಿಂಗಾಲಿಗೆ ಆಧಾರ ಕೊಡಬೇಕು. ಮುಟ್ಟಿದವರು ಕೈ ತೊಳೆಯಬೇಕು. ಅದು ಬೆದರಿದರೆ ಮರಳಿ ತರಬೇಕು.

ಮೊಲ ಒಂದೇ ಸಾಕು. ಜೊತೆಗೆ ಬಂದು ಕುಳಿತುಕೊಳ್ಳುವ ಕನ್ನಡಿಗರು ಇನ್ನೂ ಬೇಕು.