ರಸ್ತೆ ಬರಲಿ, ಅಂಗಡಿಕಾರ ಬೀದಿಗೆ ಬೀಳದಿರಲಿ

(ಹೆದ್ದಾರಿ ಅಗಲ ಮಾಡುವ ಕೆಲಸದ ಬಗ್ಗೆ ಕರೆದಿದ್ದ ಅಂಗಡಿಕಾರರ ಸಭೆಯಲ್ಲಿ ಮಾಡಿದ ಭಾಷಣ)



ರಸ್ತೆ ಬೇಡವೆನ್ನಲು ನಾವಿಲ್ಲಿ ಸೇರಿಲ್ಲ. ರಸ್ತೆ ಊರಿಗೆಲ್ಲ ಬೇಕು. ಆದರೆ ಊರಿಗೆಲ್ಲ ಬೇಕಾದ ರಸ್ತೆಯ ಬೆಲೆಯನ್ನು ಅದರ ಅಂಚಿನಲ್ಲಿರುವ ಕೆಲವರೇ ತೆರಬೇಕೆ?

ಸಮಾಜವಾದಿಗಳಿಗೇಕೆ ಆಸ್ತಿಯವರ ವಕಾಲತ್ತು ಎಂದು ಕೆಲವರು ನಗುತ್ತಾರೆ. ನಾವು ವಿರೋಧಿಸುವುದು ಪರರ ದುಡಿಮೆಯ ಮೇಲೆ ಬದುಕುವ ಆಸ್ತಿಯನ್ನು. ಹತ್ತಡಿ ಮಳಿಗೆಯಲ್ಲಿ ಬೆಳಗಿನಿಂದ ರಾತ್ರಿಯವರೆಗೆ ತಕ್ಕಡಿ ಹಿಡಿದು ನಿಂತವನದು ಜಮೀನ್ದಾರಿಯಲ್ಲ.

ಕಾನೂನು ಏನೆನ್ನುತ್ತದೆ? 1978ರ ತಿದ್ದುಪಡಿಯಿಂದ ಆಸ್ತಿಯ ಹಕ್ಕು ಮೂಲಭೂತ ಹಕ್ಕಾಗಿ ಉಳಿಯಲಿಲ್ಲ, ನಿಜ. ಆದರೂ ಕಾನೂನಿನ ಆಧಾರವಿಲ್ಲದೆ ಯಾರ ಆಸ್ತಿಯನ್ನೂ ಕಸಿಯಲಾಗದೆಂದು ಸಂವಿಧಾನದ 300ಎ ವಿಧಿ ಹೇಳುತ್ತದೆ. 1956ರ ರಾಷ್ಟ್ರೀಯ ಹೆದ್ದಾರಿ ಕಾಯಿದೆಯಂತೆ, ಅಧಿಸೂಚನೆ ಪ್ರಕಟವಾದ 21 ದಿನಗಳೊಳಗೆ ಲಿಖಿತ ತಕರಾರು ಸಲ್ಲಿಸಬಹುದು. ಜಾಗದ ಮಾರುಕಟ್ಟೆ ಬೆಲೆಯಷ್ಟೇ ಅಲ್ಲ, ಗಳಿಕೆಗೆ ಬಿದ್ದ ಪೆಟ್ಟು, ವ್ಯಾಪಾರದ ಸ್ಥಳ ಬದಲಿಸುವ ಖರ್ಚು ಇವೂ ಪರಿಹಾರದ ಲೆಕ್ಕಕ್ಕೆ ಬರಬೇಕು. ಮೊತ್ತ ಒಪ್ಪಿಗೆಯಾಗದಿದ್ದರೆ ಮಧ್ಯಸ್ಥಗಾರರ ಮುಂದೆ ಹೋಗಬಹುದು. 2013ರ ಭೂಸ್ವಾಧೀನ ಕಾಯಿದೆಯ ಪರಿಹಾರದ ಕ್ರಮ 2015ರಿಂದ ಹೆದ್ದಾರಿಗೂ ಅನ್ವಯಿಸುತ್ತದೆ.

ಕಾಗದದ ಮೇಲೆ ಇಷ್ಟೆಲ್ಲ ಉಂಟು. ನಡೆಯುವುದೇನು? 2019ರಲ್ಲಿ ಉತ್ತರ ಪ್ರದೇಶದ ಮಹಾರಾಜಗಂಜಿನಲ್ಲಿ ಹೆದ್ದಾರಿಗೆಂದು ಒಬ್ಬರ ಮನೆಯನ್ನು ಕೆಡವಿದರು. ಒತ್ತುವರಿಯೆಂದದ್ದು 3.70 ಮೀಟರು, ಕೆಡವಿದ್ದು ಅದಕ್ಕಿಂತ ಹೆಚ್ಚು. 2024ರ ನವೆಂಬರ್ 6ರಂದು ಸುಪ್ರೀಂ ಕೋರ್ಟು ಆ ಮನೆಯವರಿಗೆ 25 ಲಕ್ಷ ರೂಪಾಯಿ ಕೊಡಿಸಿತು. ರಸ್ತೆಯ ಅಗಲವನ್ನು ದಾಖಲೆಯಿಂದ ನೋಡಿ, ಅಳೆದು, ನೋಟೀಸು ಕೊಟ್ಟು, ತಕರಾರಿಗೆ ಕಾರಣಸಹಿತ ಉತ್ತರ ಹೇಳಿ ಆಮೇಲೆ ಮುಂದುವರಿಯಿರಿ ಎಂದು ಎಲ್ಲ ರಾಜ್ಯಗಳಿಗೂ ವಿಧಿಸಿತು. ನಮ್ಮಲ್ಲೇ ನೋಡಿ: ಬೆಂಗಳೂರು–ಮೈಸೂರು ಕಾರಿಡಾರಿಗೆ 2005ರಲ್ಲಿ ಜಮೀನು ಹಿಡಿದರು; ಪರಿಹಾರದ ತೀರ್ಮಾನ ಬಂದದ್ದು 2019ರಲ್ಲಿ! ಹಳೆಯ ಬೆಲೆ ಸಲ್ಲದು, 2019ರ ಬೆಲೆಯನ್ನೇ ಕಟ್ಟಬೇಕೆಂದು 2025ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಹೇಳಬೇಕಾಯಿತು. ಅಷ್ಟು ವರ್ಷ ಕೋರ್ಟಿನ ಮೆಟ್ಟಿಲು ಹತ್ತುವ ಶಕ್ತಿ ನಮ್ಮಲ್ಲಿ ಎಷ್ಟು ಮಂದಿಗಿದೆ?

ಇನ್ನು ಬಾಡಿಗೆದಾರರ ಮಾತು. ಕಟ್ಟಡದ ಪರಿಹಾರ ಖಾತೆದಾರನಿಗೆ ಹೋಗುತ್ತದೆ. ಇಪ್ಪತ್ತು ವರ್ಷ ಗಿರಾಕಿಗಳನ್ನು ಕೂಡಿಸಿಕೊಂಡ ದರ್ಜಿಗೆ, ಸೈಕಲ್ ರಿಪೇರಿಯವನಿಗೆ ಏನುಂಟು? ಸ್ಥಳ ಬಿಡಬೇಕಾದ ಚಿಕ್ಕ ವ್ಯಾಪಾರಿಯ ಕುಟುಂಬಕ್ಕೆ 2013ರ ಕಾಯಿದೆ ಒಂದು ಸಲದ ನೆರವೆಂದು ಕನಿಷ್ಠ 25,000 ರೂಪಾಯಿ ಇಟ್ಟಿದೆ. ಹೊಸ ಮಳಿಗೆಯ ಮುಂಗಡಕ್ಕೂ ಅದು ಸಾಲದು. 1951ರಲ್ಲಿ ಕಾಗೋಡಿನ ಗೇಣಿದಾರರ ಕೈಯಲ್ಲೂ ಪತ್ರವಿರಲಿಲ್ಲ, ದುಡಿಮೆ ಇತ್ತು. ಆ ದುಡಿಮೆಗೆ ಹಕ್ಕಿದೆಯೆಂದೇ ಅವರು ಸತ್ಯಾಗ್ರಹ ಹೂಡಿದರು. ಪೇಟೆಯ ಬಾಡಿಗೆದಾರನ ನ್ಯಾಯವೂ ಅದೇ.

ಆದುದರಿಂದ ನಮ್ಮ ಬೇಡಿಕೆ ಮೂರು. ಅಳತೆಯ ನಕ್ಷೆಯನ್ನು ಮೊದಲು ಜನರ ಮುಂದಿಡಬೇಕು. ಪರಿಹಾರ ಕೈಸೇರಿದ ಮೇಲೆಯೇ ಜೆಸಿಬಿ ಬರಬೇಕು. ಬಾಡಿಗೆದಾರನಿಗೂ ಬೀದಿ ವ್ಯಾಪಾರಿಗೂ ಬದಲಿ ಜಾಗ ಸಿಗಬೇಕು.

ಬಾಡಿಗೆ ಚೀಟಿ, ಲೈಸೆನ್ಸು, ತೆರಿಗೆ ರಸೀದಿಗಳನ್ನು ಇಂದೇ ಒಟ್ಟುಮಾಡಿಕೊಳ್ಳಿ. ತಕರಾರನ್ನು ಒಬ್ಬೊಬ್ಬರೇ ಹಿಡಿದು ಅಲೆಯಬೇಡಿ; ಮಾಲೀಕರೂ ಬಾಡಿಗೆದಾರರೂ ಒಂದೇ ಸಂಘವಾಗಿ ಕಚೇರಿಗೆ ನಡೆಯೋಣ.